ಪಿಳ್ಳಣ್ಣನ ಸ್ಟೋರಿನ ಬೋಲ್ಟುಗಳು

ಸಿದ್ದಾರೂಢನಿಗೂ ನನಗೂ ಪರಿಚಯವಾದದ್ದೇ ಜಗಳದಿಂದ. ಅದೂ ಒಂದು ಬೋಲ್ಟಿನ ವಿಷಯಕ್ಕೆ.

2004ರ ಮಾತು. ಜೆ.ಪಿ. ನಗರದ ಎರಡನೇ ಹಂತದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಡಿಸೈನ್ ಆಫೀಸು. ಬಿಸ್ಕತ್ತು, ಸಾರಿನ ಪುಡಿ ಪ್ಯಾಕ್ ಮಾಡುವ ಯಂತ್ರಗಳ ಡ್ರಾಯಿಂಗನ್ನು ಅಲ್ಲಿ ಕಂಪ್ಯೂಟರಿನಲ್ಲಿ ಮಾಡುತ್ತಿದ್ದೆವು. ಯಂತ್ರ ಕಟ್ಟುತ್ತಿದ್ದದ್ದು ತಲಘಟ್ಟಪುರದ ಶೆಡ್ಡಿನಲ್ಲಿ. ನಾನು ಉತ್ತರಹಳ್ಳಿಯವಳು, ಡಿಪ್ಲೊಮಾ ಓದಿದವಳು, ಹಾಗಾಗಿ ನಾಲ್ಕು ವರ್ಷದಿಂದ ಬೇರೆಯವರು ಹೇಳಿದ್ದನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕ್ಯಾಡ್ ಆಪರೇಟರ್. ಅವನು ಗದಗಿನ ಕಡೆಯಿಂದ ಬಿ.ಇ. ಮುಗಿಸಿ ಬಂದವನು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದವನು, ಹಾಗಾಗಿ ಬಂದು ಕೂತ ಮೊದಲ ದಿನವೇ ಡಿಸೈನರ್. ಅವನ ಮುಖ ನೋಡುವ ಮೊದಲೇ ನನಗೆ ಅರ್ಧ ಸಿಟ್ಟು ಬಂದಿತ್ತು.

ಮೂರನೇ ದಿನ ತಲಘಟ್ಟಪುರದಿಂದ ಫೋನ್ ಬಂತು. ಅಲ್ಲಿನ ಸ್ಟೋರ್ ನೋಡಿಕೊಳ್ಳುವ ಪಿಳ್ಳಣ್ಣ ರೇಗಾಡುತ್ತಿದ್ದರು. ಡ್ರಾಯಿಂಗಿನಲ್ಲಿ ಬರೆದಿರುವ ಬೋಲ್ಟು ತಮ್ಮ ಸ್ಟೋರಿನಲ್ಲಿ ಒಂದೂ ಇಲ್ಲ, ಫಿಟ್ಟರುಗಳು ಬೆಳಗ್ಗೆಯಿಂದ ಕೈಕಟ್ಟಿ ಕೂತಿದ್ದಾರೆ ಎಂದರು. ನಾನು ಫೋನಿಟ್ಟು ನೇರವಾಗಿ ಹೊಸಬನ ಟೇಬಲ್ಲಿಗೆ ಹೋದೆ.

“ಎಂಟು ಎಂಎಂ ಬೋಲ್ಟು, ಉದ್ದ ಇಪ್ಪತ್ತೆರಡು. ಇದು ಎಲ್ಲಿ ಸಿಗುತ್ತೆ ಅಂತ ಹಾಕಿದೀರಾ?”

“ಕಂಪ್ಯೂಟರ್‌ನ್ಯಾಗ ಐತಲ್ರೀ.”

“ಕಂಪ್ಯೂಟರಲ್ಲಿ ಇರೋದೆಲ್ಲ ಪಿಳ್ಳಣ್ಣನ ಹತ್ರ ಇರುತ್ತಾ?”

ಆಗ ಅವನು ತಲೆಯೆತ್ತಿ ನೋಡಿದ. ಬೈಸಿಕೊಳ್ಳುತ್ತಿರುವವನ ಕಣ್ಣಿನಲ್ಲಿ ನಗು ಇರಬಾರದು. ಇವನಿಗೆ ಇತ್ತು. ಮೆಲ್ಲಗೆ, ಪಿಳ್ಳಣ್ಣ ಅಂದರೆ ಯಾರೆಂದು ಕೇಳಿದ. ನಾನು ಬೈಯಲು ಬಂದವಳು ಕುರ್ಚಿ ಎಳೆದುಕೊಂಡು ಕೂತು ಪಿಳ್ಳಣ್ಣನ ಪುರಾಣ ಹೇಳಿದೆ.

ತಪ್ಪು ಅವನದೂ ಅಲ್ಲ. ಸಾಫ್ಟ್‌ವೇರ್ ಜೊತೆ ಒಂದು ರೆಡಿಮೇಡ್ ಲೈಬ್ರರಿ ಬರುತ್ತದೆ. ಪ್ರಪಂಚದಲ್ಲಿ ಇರುವ ಬೋಲ್ಟು, ನಟ್ಟು, ವಾಷರುಗಳೆಲ್ಲ ಅದರಲ್ಲಿ ಸಾಲಾಗಿ ಇರುತ್ತವೆ. ಒಂದನ್ನು ಒತ್ತಿದರೆ ಹೋಗಿ ರಂಧ್ರದಲ್ಲಿ ಕೂರುತ್ತದೆ. ಅದು ನಮ್ಮ ಸ್ಟೋರಿನಲ್ಲಿ ಇದೆಯೋ ಇಲ್ಲವೋ ಎಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ. ನಮ್ಮ ಮಾಲೀಕರು ವೆಂಕಟಾಚಲ ಸಾರ್ ಅವತ್ತೇ ತೀರ್ಮಾನ ಮಾಡಿದರು. ಪಿಳ್ಳಣ್ಣನ ಸ್ಟೋರಿನಲ್ಲಿ ಏನಿದೆಯೋ ಅಷ್ಟು ಮಾತ್ರ ಇರುವ ನಮ್ಮದೇ ಲೈಬ್ರರಿ ಮಾಡಬೇಕು. ಕೆಲಸ ನನ್ನದು, ಸಹಾಯಕ್ಕೆ ಸಿದ್ದಾರೂಢ. ಇದನ್ನು ನೆಟ್ಟಗೆ ಮುಗಿಸಿದರೆ ಏಪ್ರಿಲಿನಲ್ಲಿ ನನಗೆ ಡಿಸೈನರ್ ಎಂದು ಲೆಟರ್ ಕೊಡುವುದಾಗಿಯೂ ಹೇಳಿದರು. ನಾನು ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೇನೆ.

ಆಮೇಲಿನ ಎಂಟು ತಿಂಗಳು ಪ್ರತಿ ಮಂಗಳವಾರ, ಶುಕ್ರವಾರ ನಾವಿಬ್ಬರೂ ತಲಘಟ್ಟಪುರಕ್ಕೆ ಹೋದೆವು. ಪಿಳ್ಳಣ್ಣ ಡಬ್ಬಿ ಇಳಿಸಿ ಕೊಡುವರು. ಅವನು ದಪ್ಪ ಅಳೆಯುವ ವರ್ನಿಯರ್ ಹಿಡಿದು ಅಳತೆ ಕೂಗುವನು, ನಾನು ಬರೆದುಕೊಳ್ಳುತ್ತಿದ್ದೆ. ಪುಸ್ತಕದಲ್ಲಿ ಎರಡು ಎಂಎಂ ದಪ್ಪ ಎಂದಿರುವ ವಾಷರು ಆ ಡಬ್ಬಿಯಲ್ಲಿ ಒಂದೂಮುಕ್ಕಾಲೇ ಇರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಎಂಟು ಎಂಎಂ ಬೋಲ್ಟಿನಲ್ಲಿ ಇಪ್ಪತ್ತು ಉದ್ದ ಇತ್ತು, ಮೂವತ್ತು ಇತ್ತು, ಇಪ್ಪತ್ತೈದು ಯಾವತ್ತೂ ತರಿಸಿರಲಿಲ್ಲ. ನಮ್ಮ ಪಟ್ಟಿಯಲ್ಲೂ ಇಪ್ಪತ್ತೈದು ಬರಲಿಲ್ಲ.

ಅವನು ಬೇಕೆಂದೇ ಅಳತೆ ತಪ್ಪು ಹೇಳುತ್ತಿದ್ದ. ನಾನು ಬರೆಯುವುದು ನಿಲ್ಲಿಸಿ ಮುಖ ನೋಡಬೇಕು, ಅದಕ್ಕೆ. ನೋಡಿದರೆ ಬೋಲ್ಟಿನ ಕಡೆ ತಿರುಗಿ ಬಹಳ ಗಂಭೀರವಾಗಿ ಸರಿಯಾದ ಅಳತೆ ಹೇಳುವನು. ಇದು ಗೊತ್ತಾದ ಮೇಲೂ ನಾನು ನೋಡುವುದನ್ನು ಬಿಡಲಿಲ್ಲ. ಒಂದು ಶುಕ್ರವಾರ ಅಳತೆಗೆಂದು ನನ್ನ ಉಂಗುರದ ಬೆರಳನ್ನೇ ವರ್ನಿಯರಿನ ದವಡೆಗಳ ನಡುವೆ ಹಿಡಿದ. ಲೋಹ ತಣ್ಣಗಿತ್ತು. “ಹದಿನೈದೂವರೆ. ಬರಕೊಳ್ರೀ, ಮುಂದ ಬೇಕಾಗತೈತಿ,” ಎಂದ. ನಾನು ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ ಪಿಳ್ಳಣ್ಣ ತಮ್ಮ ಬುತ್ತಿಯಲ್ಲೇ ಅವನಿಗೂ ಪಾಲು ಕೊಡುತ್ತಿದ್ದರು. ರೊಟ್ಟಿ ತಿಂದು ಬೆಳೆದ ಹುಡುಗ ಮುದ್ದೆಯನ್ನು ಅಗಿದು ಅಗಿದು ತಿನ್ನುವುದು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಗಿಯಬಾರದು, ನುಂಗಬೇಕು ಎಂದು ಪಿಳ್ಳಣ್ಣ ಮಗುವಿಗೆ ಕಲಿಸಿದ ಹಾಗೆ ಕಲಿಸಿದರು. ಆ ಪ್ರೀತಿಗೆ ಲೈಬ್ರರಿಯ ಪ್ರತಿ ಬೋಲ್ಟಿನ ನಂಬರಿನ ಮುಂದೆ ಪಿ.ಎಲ್.ಎನ್. ಎಂದು ಸೇರಿಸಿದೆ. ಪಿಳ್ಳಣ್ಣನ ಹೆಸರಿನ ಇಂಗ್ಲಿಷ್ ಅಕ್ಷರಗಳು. ವೆಂಕಟಾಚಲ ಸಾರ್ ನಕ್ಕು ಒಪ್ಪಿದರು.

ಜನವರಿಯಲ್ಲಿ ಕೆಲಸ ಮುಗಿಯಿತು. ಇದು ಆಫೀಸಿನ ಆಸ್ತಿ, ಹೊರಗೆ ಹೋಗಕೂಡದು ಎಂದು ಸಾರ್ ಎಲ್ಲರೆದುರು ಹೇಳಿದರು. ಆ ವಾರವೇ ಸಿದ್ದಾರೂಢ ಅದರ ಒಂದು ಸಿಡಿ ಕೇಳಿದ.

“ನಾವಿಬ್ಬರೂ ಕೂಡಿ ಮಾಡಿದ್ದು ಅದೊಂದ ಐತಿ. ನನ್ನ ಹತ್ರ ಇರ್ಲಿ ರೇಖಾ, ನೆನಪಿಗೆ.”

ಬೇರೆ ಹುಡುಗಿಯರು ಗ್ರೀಟಿಂಗ್ ಕಾರ್ಡ್ ಕೊಡುತ್ತಾರೆ. ನಾನು ಬೋಲ್ಟುಗಳ ಸಿಡಿ ಕೊಟ್ಟೆ. ಅದರ ಮೇಲೆ ಮಾರ್ಕರಿನಲ್ಲಿ ಅವನ ಹೆಸರನ್ನು ದುಂಡಗೆ ಬರೆದೂ ಕೊಟ್ಟೆ.

ಫೆಬ್ರವರಿಯಲ್ಲಿ ಅವನು ಕೆಲಸ ಬಿಟ್ಟ. ಊರಿನ ಕಾಲೇಜಿನಲ್ಲಿ ಪಾಠ ಮಾಡಲು ಹೋಗುತ್ತೇನೆ ಎಂದು ಆಫೀಸಿನಲ್ಲಿ ಹೇಳಿದ. ಹೊಸೂರು ರಸ್ತೆಯ ಇನ್ನೊಂದು ಡಿಸೈನ್ ಕಂಪನಿಗೆ ಸೇರುತ್ತಿದ್ದಾನೆ ಎಂದು ಗೊತ್ತಿದ್ದದ್ದು ನನಗೆ ಮಾತ್ರ. ನಿಜ ಹೇಳಿದರೆ ಸಾರ್ ಬಿಟ್ಟುಕೊಡುವುದಿಲ್ಲ ಎಂದ. ನಾನೂ ಹೌದೆಂದು ತಲೆಯಾಡಿಸಿ ಸುಳ್ಳಿಗೆ ಸುಳ್ಳು ಸೇರಿಸಿದೆ. ಯುಗಾದಿ ಕಳೆದ ಮೊದಲ ಭಾನುವಾರ ಮನೆಗೆ ಬಂದು ಅಮ್ಮನ ಹತ್ತಿರ ಹೆಣ್ಣು ಕೇಳುವುದೆಂದು ಮಾತಾಗಿತ್ತು. ಅಮ್ಮ, ನಾಗಲಕ್ಷ್ಮಮ್ಮ, ಅಂಗನವಾಡಿಯಲ್ಲಿ ಆಯಾ. ಬೇರೆ ಜಾತಿಯೆಂದು ಒಂದು ವಾರ ಮುಖ ಊದಿಸಿಕೊಂಡಿದ್ದಳು, ಎರಡನೇ ವಾರ ಹುಡುಗನಿಗೆ ಸಿಹಿ ಏನು ಇಷ್ಟ ಎಂದು ಕೇಳಿದಳು.

ಆ ಭಾನುವಾರಕ್ಕೆ ಮೂರು ದಿನ ಇದೆ ಎನ್ನುವಾಗ ವೆಂಕಟಾಚಲ ಸಾರ್ ಎಲ್ಲರನ್ನೂ ಕರೆದರು. ಪೀಣ್ಯದ ಗಿರಾಕಿಯೊಬ್ಬರಿಗೆ ನಮ್ಮ ಯಂತ್ರ ಹೋಗಬೇಕಿತ್ತು. ಅದಕ್ಕೆ ಜೋಡಿಸುವ ಕನ್ವೇಯರನ್ನು ಬೇರೆ ಕಂಪನಿ ಮಾಡುತ್ತಿತ್ತು. ಹೊಂದಿಸಿ ನೋಡಲು ಆ ಕಂಪನಿಯ ಡ್ರಾಯಿಂಗ್ ಬಂದಿತ್ತು. ಸಾರ್ ಅದರ ಬಿಡಿಭಾಗಗಳ ಪಟ್ಟಿಯ ಮೇಲೆ ಬೆರಳಿಟ್ಟರು. ಸಾಲಾಗಿ ಪಿ.ಎಲ್.ಎನ್., ಪಿ.ಎಲ್.ಎನ್., ಪಿ.ಎಲ್.ಎನ್. ಕಂಪನಿ ಹೊಸೂರು ರಸ್ತೆಯದು.

ನೆನಪಿಗೆ ಎಂದು ಕೇಳಿದ್ದನಲ್ಲ, ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ ಎಂದುಕೊಂಡೆ. ಅಳು ಬರಲಿಲ್ಲ, ಸಿಟ್ಟು ಬಂತು.

ಸಾರ್‌ಗೆ ಅನುಮಾನ ಬಂದದ್ದು ಪಿಳ್ಳಣ್ಣನ ಮೇಲೆ. ಪಟ್ಟಿಯ ಪ್ರಿಂಟು ಸ್ಟೋರಿನ ಗೋಡೆಯಲ್ಲಿ ನೇತಾಡುತ್ತಿತ್ತು, ಬೋಲ್ಟು ಮಾರುವವರೆಲ್ಲ ಅಲ್ಲಿಗೆ ಬಂದು ಹೋಗುತ್ತಿದ್ದರು, ಸಾಲದ್ದಕ್ಕೆ ಅವರದೇ ಹೆಸರು. ಇಪ್ಪತ್ತೆರಡು ವರ್ಷ ದುಡಿದವರು ಉಂಡ ಮನೆಗೆ ಎರಡು ಬಗೆದರಲ್ಲ ಎಂದು ಸಾರ್ ನೊಂದುಕೊಂಡರು. ಸೋಮವಾರ ಬಂದು ಸ್ಟೋರಿನ ಬೀಗದಕೈ ಒಪ್ಪಿಸಲಿ ಎಂದರು. ನಾನು ಬಾಯಿ ತೆರೆಯಲಿಲ್ಲ. ಭಾನುವಾರ ಸಿದ್ದಾರೂಢ ಬರುತ್ತಾನೆ, ಅವನೇ ಬಂದು ಹೇಳಲಿ ಎಂದುಕೊಂಡೆ. ಹೇಡಿತನಕ್ಕೂ ಒಂದು ನೆಪ ಬೇಕಲ್ಲ.

ಭಾನುವಾರ ಅವನು ಹೊಸ ಶರ್ಟು ಹಾಕಿಕೊಂಡು ಹೂವು ಹಣ್ಣು ಹಿಡಿದು ಬಂದ. ಅಮ್ಮನ ಕಾಲಿಗೆ ನಮಸ್ಕಾರ ಮಾಡಿದ. ಅಮ್ಮ ಶ್ಯಾವಿಗೆ ಪಾಯಸಕ್ಕೆ ಏಲಕ್ಕಿ ಕುಟ್ಟಲು ಒಳಗೆ ಹೋದಾಗ ನಾನು ಅವನನ್ನು ತಾರಸಿಗೆ ಕರೆದುಕೊಂಡು ಹೋದೆ. ಬಿಸಿಲಿಗೆ ಅವನ ಹಣೆ ಬೆವರಿತ್ತು. ಸೆರಗಿನಿಂದ ಒರೆಸಬೇಕು ಅನ್ನಿಸಿತು. ನನ್ನ ಮೇಲೆ ನನಗೇ ಸಿಟ್ಟು ಬಂತು.

“ಲೈಬ್ರರಿನ ನಿಮ್ಮ ಆಫೀಸಲ್ಲಿ ಹಾಕಿದ್ಯಾ?”

ಯಾವ ಲೈಬ್ರರಿ ಎಂದು ಅವನು ಕೇಳಲಿಲ್ಲ. ಹಾಗೆ ಕೇಳಿದ್ದರೆ ಚೂರಾದರೂ ಆಸೆ ಉಳಿಯುತ್ತಿತ್ತು.

“ಇಂಟರ್‌ವ್ಯೂದಾಗ ತೋರಿಸಿದ್ದೆ. ಅದನ್ನ ನೋಡೇ ತಗೊಂಡ್ರು.”

“ಯಾರು ಮಾಡಿದ್ದು ಅಂದೆ?”

“ನಾನ ಅಂದೀನಿ.” ಹಣೆ ಒರೆಸಿಕೊಂಡು, “ನಮ್ಮ ಸಂಸಾರದ ಸಲುವಾಗೇ ಮಾಡೀನಿ ರೇಖಾ,” ಎಂದ.

ಅಂದರೆ ಜನವರಿಯಲ್ಲಿ ಸಿಡಿ ಕೇಳುವಾಗಲೇ ಅವನಿಗೆ ಇಂಟರ್‌ವ್ಯೂ ನಿಗದಿಯಾಗಿತ್ತು. ನಾನು ದುಂಡಗೆ ಹೆಸರು ಬರೆಯುತ್ತಿದ್ದಾಗ ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಅವನ ಆ ನೋಟಕ್ಕೆ ನಾನು ಪ್ರೀತಿ ಎಂದು ಹೆಸರಿಟ್ಟು ಎಷ್ಟು ದಿನ ಮೆಲುಕು ಹಾಕಿದ್ದೆ.

ಪಿಳ್ಳಣ್ಣನ ಹೆಸರನ್ನಾದರೂ ಯಾಕೆ ಅಳಿಸಲಿಲ್ಲ ಎಂದು ಕೇಳಿದೆ. ಅಳಿಸಲು ನೋಡಿದನಂತೆ. ಅಳಿಸಿದರೆ ಡ್ರಾಯಿಂಗಿನಿಂದ ಬೋಲ್ಟುಗಳೇ ಮಾಯವಾಗುತ್ತಿದ್ದವಂತೆ. ನೀನು ಆ ಪಟ್ಟಿಯನ್ನು ಒಂದಕ್ಕೊಂದು ಹೇಗೆ ಕಟ್ಟಿದ್ದೀಯೋ ನಿನಗಷ್ಟೇ ಗೊತ್ತು ಎಂದ. ಇನ್ನೊಂದು ತೊಂದರೆಯನ್ನೂ ಹೇಳಿಕೊಂಡ. ಹೊಸ ಕಂಪನಿಯ ಸ್ಟೋರಿನ ತುಂಬ ಇರುವುದು ಇಪ್ಪತ್ತೈದು ಉದ್ದದ ಬೋಲ್ಟು, ಲೈಬ್ರರಿಯಲ್ಲಿ ಅದೇ ಇಲ್ಲ. ಅಲ್ಲಿನ ಫಿಟ್ಟರುಗಳು ಈಗ ಅವನಿಗೆ ಫೋನ್ ಮಾಡಿ ಬೈಯುತ್ತಿದ್ದಾರೆ.

ಎಂಟು ತಿಂಗಳು ನನ್ನ ಪಕ್ಕ ಕೂತು ಅಳತೆ ಕೂಗಿದವನಿಗೆ, ಆ ಲೈಬ್ರರಿ ಒಂದೇ ಒಂದು ಸ್ಟೋರಿಗೆ ಮಾಡಿದ್ದು, ಬೇರೆಲ್ಲಿ ಇಟ್ಟರೂ ಕೆಲಸಕ್ಕೆ ಬಾರದು ಎಂಬುದು ತಿಳಿದಿರಲಿಲ್ಲ. ಕದಿಯುವುದನ್ನಾದರೂ ತಿಳಿದು ಕದ್ದಿದ್ದರೆ ನನಗೆ ಇಷ್ಟು ಅವಮಾನವಾಗುತ್ತಿರಲಿಲ್ಲ.

“ನೀ ಅಲ್ಲೇ ಬಂದುಬಿಡು,” ಎಂದ. ಕಣ್ಣಿನಲ್ಲಿ ಮತ್ತೆ ಆ ನಗು. “ಆಪರೇಟರ್ ಒಬ್ರು ಬೇಕಾಗ್ಯಾರ. ನಾ ಹೇಳ್ತೀನಿ. ನನ್ನ ಕೈಕೆಳಗ ಇರ್ತಿ, ಇಬ್ರೂ ಕೂಡೇ ಹೋಗಿಬಂದು ಮಾಡಬಹುದು.”

ನನ್ನದೇ ಕೆಲಸಕ್ಕೆ ನನ್ನನ್ನೇ ಆಪರೇಟರ್ ಮಾಡಿಸಲು ಹೂವು ಹಣ್ಣು ತಂದಿದ್ದ. ಅದರಲ್ಲಿ ತಪ್ಪೇನಿದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ನಾನು ಪಿಳ್ಳಣ್ಣನ ವಿಷಯ ಹೇಳಿದೆ. ಸೋಮವಾರ ಬೀಗದಕೈ ಒಪ್ಪಿಸಬೇಕಂತೆ ಎಂದೆ. ಅವನ ಮುಖ ಬಾಡಿತು, ಅದು ನಿಜ. ಅವನು ಕಲ್ಲಲ್ಲ.

“ನಾಳೆ ನನ್ನ ಜೊತೆ ಬಂದು ಸಾರ್ ಹತ್ರ ನಿಜ ಹೇಳು. ಅಷ್ಟೇ ಸಾಕು ನಂಗೆ. ನನ್ನ ಡಿಸೈನರ್ ಲೆಟರ್ ಹೋದ್ರೆ ಹೋಗ್ಲಿ. ನಾಳಿದ್ದೇ ಮದುವೆ ಅಂದ್ರೂ ಬರ್ತೀನಿ.”

ಅವನು ಕೆಳಗಿನ ರಸ್ತೆಯ ಕಡೆ ತಿರುಗಿದ. ನಾನು ಕಾದೆ. ಒಂದು ಹೂಂ ಅಂದಿದ್ದರೆ ಎಲ್ಲವನ್ನೂ ಕ್ಷಮಿಸಿಬಿಡುತ್ತಿದ್ದೆ, ನನಗೆ ನಾಚಿಕೆಯಿಲ್ಲ, ಅಷ್ಟು ಇಷ್ಟವಿತ್ತು.

“ನನ್ನ ಕೆಲಸ ಹೋಗತೈತಿ,” ಎಂದ. ಆಮೇಲೆ, “ಪಿಳ್ಳಣ್ಣಗ ಹೆಂಗಿದ್ರೂ ವಯಸ್ಸಾತಲ್ಲ ರೇಖಾ. ಇಂದಿಲ್ಲ ನಾಳೆ ಬಿಡಾವ್ರ.”

ಮುದ್ದೆ ನುಂಗಲು ಕಲಿಸಿದವರ ಬಗ್ಗೆ ಅವನು ಆಡಿದ ಮಾತು ಇದು. ನಾನು ಮೆಟ್ಟಿಲಿಳಿದು ಅಡುಗೆಮನೆಗೆ ಹೋಗಿ, ಪಾಯಸ ಬಡಿಸಬೇಡ, ಈ ಮದುವೆ ನನಗೆ ಬೇಡ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಮುಖ ನೋಡಿ ಒಲೆ ಆರಿಸಿದಳು. ಅವನು ಬಾಗಿಲಲ್ಲಿ ನಿಂತು ಒಂದೆರಡು ಸಲ ನನ್ನ ಹೆಸರು ಕರೆದ. ದನಿ ಒಡೆದಿತ್ತು. ಗೇಟಿನ ಸದ್ದು ಕೇಳುವವರೆಗೂ ನಾನು ಹೊರಗೆ ಬರಲಿಲ್ಲ. ಆಮೇಲೆ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಸಂಜೆಯವರೆಗೂ ಅತ್ತೆ.

ಸೋಮವಾರ ಬೆಳಗ್ಗೆ ಆಫೀಸಿಗೆ ಬಂದಾಗ ಪಿಳ್ಳಣ್ಣ ಹೊರಗಿನ ಬೆಂಚಿನ ಮೇಲೆ ಬೀಗದಕೈ ಗೊಂಚಲು ಹಿಡಿದು ಕೂತಿದ್ದರು. ತಿಂಡಿ ಆಯ್ತಾ ಮಗಳೇ ಎಂದು ಕೇಳಿದರು. ನಾನು ನೇರವಾಗಿ ಸಾರ್ ಕ್ಯಾಬಿನ್ನಿಗೆ ಹೋಗಿ ಬಾಗಿಲು ಮುಚ್ಚಿದೆ. ಸಿಡಿ ಕೊಟ್ಟಿದ್ದು ನಾನು, ತೆಗೆದುಕೊಂಡಿದ್ದು ಸಿದ್ದಾರೂಢ, ಕಾಲೇಜಿನ ಕತೆ ಸುಳ್ಳು ಎಂದು ಒಂದೇ ಉಸಿರಿಗೆ ಹೇಳಿದೆ. ಟೇಬಲ್ಲಿನ ಮೇಲೆ ಒಂದು ಕವರಿತ್ತು, ಅದರ ಮೇಲೆ ನನ್ನ ಹೆಸರು ಟೈಪಾಗಿತ್ತು. ಸಾರ್ ಅದನ್ನು ಎತ್ತಿ ಡ್ರಾಯರಿನೊಳಗೆ ಹಾಕಿದರು.

ಆಮೇಲೆ ಕನ್ನಡಕ ತೆಗೆದು, ಸಿಟ್ಟಿಲ್ಲದೆ ಕೇಳಿದರು.

“ನಿನ್ನ ಕೆಲಸನ ನೀನೇ ಯಾಕಮ್ಮ ಕೊಟ್ಟೆ? ಏನು ಕೊಡ್ತೀನಿ ಅಂದಿದ್ದ?”

“ಏನೂ ಕೊಡ್ತೀನಿ ಅಂದಿರ್ಲಿಲ್ಲ ಸಾರ್,” ಎಂದೆ. “ನಾನು ಅವನನ್ನ ಪ್ರೀತಿಸ್ತಿದ್ದೆ.”

ಆ ಮಾತನ್ನು ಸಿದ್ದಾರೂಢನಿಗೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.