ಪೈಲಟ್ ಕೂಡ್ಸದ ವಿಮಾನ

ದೆವ್ವ ಗಿವ್ವ ಅಂದ್ರ ನನಗ ಸಿಟ್ಟು ಬರ್ತೈತಿ. ಅದಕ್ಕ ನಡೆದದ್ದಷ್ಟ ಹೇಳ್ತೀನಿ.

ಕೌಲ್ ಬಜಾರ್‌ನ ನಮ್ಮ ಮನ್ಯಾಗ ನಾನು ನೀರಿನ ಮ್ಯಾಲೆ ಇಳಿಯೋ ವಿಮಾನಗಳ ಸಣ್ಣ ಮಾದರಿ ಮಾಡ್ತೀನಿ. ಈ ಸಲದ್ದು ಪೂರ್ತಿ ನನ್ನ ಕಲ್ಪನೇದ್ದು: ಸಿರುಗುಪ್ಪದ ಹೊಳ್ಯಾಗ ಇಳಿದು, ಗಾಲಿ ಇಳಿಬಿಟ್ಟು ದಂಡಿ ಹತ್ತೋ ವಿಮಾನ. ಬ್ಯಾಸಿಗಿ ತುಂಬ ಕುಂತು ಮಾಡಿದ್ದು. ಒಡಲಿನ ಎರಡೂ ಹೋಳು ಅಂಟಿಸಿ, ಗಾಜು ಕೂಡ್ಸಿದ ಮ್ಯಾಲೆ ನೆನಪಾತು. ಮೂಗಿನೊಳಗ ಸೀಸದ ಗುಂಡು ಹಾಕಿಲ್ಲ, ಪೈಲಟ್ ಗೊಂಬಿನೂ ಇಟ್ಟಿಲ್ಲ! ಮುಂದ ಭಾರ ಇಲ್ಲಂದ್ರ ಇಂಥಾ ವಿಮಾನ ಬಾಲ ಊರಿ, ಮೂಗು ಎತ್ತಿ ಕುಂದರ್ತಾವು. ಇದೂ ಹಂಗ ಕುಂತಿತು. ತಲಿ ಚಚ್ಚಿಕೊಂಡು ಉಣ್ಣಾಕ ಹೋದೆ.

ಉಂಡು ಬಂದ್ರ ಮೂಗಿನ ಗಾಲಿ ಮೇಜಿಗೆ ಊರಿತ್ತು.

"ಗಂಗೋತ್ರಿ, ಇದನ್ನ ಯಾಕ ಮುಟ್ಟಿದಿ?" ಅಂತ ಹೆಂಡತಿ ಮ್ಯಾಲೆ ರೇಗಿದೆ.

"ನಿಮ್ಮ ಜೋಡೀನ ಉಂಡೀನಲ್ರೀ, ಯಾವಾಗ ಮುಟ್ಲಿ?"

ಬಾಲ ಒತ್ತಿ ಬಿಟ್ಟೆ. ಮೂಗು ಮತ್ತ ಕೆಳಗ ಬಂತು. ಮೇ ತಿಂಗಳ ಮಧ್ಯಾಹ್ನ, ಕರೆಂಟಿಲ್ಲ, ಮೈಯೆಲ್ಲಾ ಬೆವರು. ವಿಮಾನ ಮಾತ್ರ ಗಡಿಗಿ ನೀರಿನಂಗ ತಣ್ಣಗಿತ್ತು. ಪೈಲಟ್ ಕುಂದ್ರೋ ಜಾಗದ ಮುಂದಿನ ಗಾಜಿಗೆ ಮಂಜು ಕಟ್ಟಿತ್ತು. ಸಿಟ್ಟಿಗೆದ್ದು ಅಂಗಿ ಚುಂಗಿಲೆ ಒರೆಸಿದೆ. ಹೋಗ್ಲಿಲ್ಲ. ಇನ್ನೂ ಜೋರಾಗಿ ಒರೆಸಿದೆ.

"ಹೊರಗಲ್ರೀ ಅದು, ಒಳಗ ಕಟ್ಟೈತಿ," ಅಂದ್ಲು ಗಂಗೋತ್ರಿ.

ಕೈ ತಗದೆ. ಇಬ್ರೂ ನೋಡ್ತಾ ನಿಂತಿದ್ವಿ. ಆ ಮಂಜಿನ್ಯಾಗ ಅಕ್ಕಿ ಕಾಳಿನಷ್ಟು ಜಾಗ, ಒಳಗಿಂದ ಯಾರೋ ಒರೆಸಿದಂಗ, ಸ್ವಚ್ಛ ಆತು.