ರಕ್ತ ಕಟ್ಟುವ ಚೀಟಿ

“ಅದನ್ನ ಮಾತ್ರ ಬಿಚ್ಬೇಡ ಕಣೇ. ಯಾರಾದ್ರೂ ಓದಿದ್ರೆ ಸತ್ತೋಗುತ್ತೆ ಅದು,” ಎಂದು ಸಬೀನತ್ತೆ ಹೊಸ್ತಿಲಲ್ಲೇ ನಿಂತು ಹೇಳಿದಾಗ ಡಿಂಪ್ನಾ ನಕ್ಕುಬಿಟ್ಟಳು.

“ಚೀಟಿ ಸಾಯುತ್ತಾ ಅತ್ತೆ? ಹಾಗಾದ್ರೆ ಪಾದ್ರಿಗಳನ್ನ ಕರೆಸಿ ಮಣ್ಣು ಮಾಡ್ಸೋಣ ಬಿಡಿ.”

ಡಬ್ಲಿನ್ನಿನಲ್ಲಿ ನರ್ಸ್ ಆಗಿದ್ದವಳು ಅವಳು. ಕೋಲ್ಮನ್‌ನನ್ನು ಮದುವೆಯಾಗಿ ಈ ದ್ವೀಪಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತುಂಬು ಬಸುರಿ. ಗಂಡನ ಕೊರಳಲ್ಲಿ ತೂಗುತ್ತಿದ್ದ ಉಣ್ಣೆಬಟ್ಟೆಯ ಪುಟ್ಟ ಚೀಲ ಬೆವರು, ಮೀನೆಣ್ಣೆ, ಹೊಗೆಯೆಲ್ಲ ಬೆರೆತು ನಾರುತ್ತಿತ್ತು. ಎಳೆಗೂಸಾಗಿದ್ದಾಗ ಅವನಿಗೆ ರಕ್ತ ಒಸರಿದರೆ ನಿಲ್ಲುತ್ತಿರಲಿಲ್ಲವಂತೆ. ಸೋದರತ್ತೆ ಸಬೀನಾಳೇ ಮಂತ್ರ ಬರೆದು, ಹೊಲಿದು ಕಟ್ಟಿದ್ದಳಂತೆ.

ಭಾನುವಾರ ಬೆಳಿಗ್ಗೆ ಅವನು ಮೈ ತೊಳೆಯಲು ಕಳಚಿಟ್ಟಾಗ ಡಿಂಪ್ನಾ ಅದರ ಹೊಲಿಗೆ ಕಿತ್ತಳು. ಒಳಗೊಂದು ಹಳದಿ ಕಾಗದ. ಕೋಲ್ಮನ್‌ನ ರಕ್ತವೇ, ಜೋರ್ಡನ್ ನದಿ ನಿಂತಂತೆ ನಿಲ್ಲು ಎಂಬ ಒಂದೆರಡು ಸಾಲು. ರಾಗವಾಗಿ ಓದಿ ಒಲೆಗೆ ಎಸೆದಳು.

“ಏನೇ ಮಾಡ್ದೆ?” ಕೋಲ್ಮನ್ ಬಿಳಿಚಿಕೊಂಡ.

“ಗಬ್ಬು ವಾಸನೆ ಹೋಯ್ತು. ಬೇಗ ಗಡ್ಡ ಕೆರ್ಕೋ, ಚರ್ಚಲ್ಲಿ ಬಲಿಪೂಜೆಗೆ ಹೊತ್ತಾಯ್ತು.”

ಅವಸರದಲ್ಲಿ ಅವನ ಕೈಯಿಂದ ಕ್ಷೌರದ ಕತ್ತಿ ಜಾರಿತು. ದವಡೆಯ ಮೇಲೆ ಸಣ್ಣ ಗೀರು, ಅಷ್ಟೇ. ಡಿಂಪ್ನಾ ಟವೆಲ್ ಒತ್ತಿದಳು. ತೊಯ್ದುಹೋಯಿತು. ಇನ್ನೊಂದು ಒತ್ತಿದಳು. ಅದೂ ತೊಯ್ಯಿತು. ಮನೆಯೆಲ್ಲ ತುಕ್ಕು ಕಬ್ಬಿಣದ ವಾಸನೆ. ಹೊರಗೆ ಮಂಜು ಕಡಲನ್ನೇ ನುಂಗಿತ್ತು. ವೈದ್ಯರನ್ನು ಕರೆತರಲು ದೋಣಿ ಹೊರಡುವಂತಿರಲಿಲ್ಲ. ಮೂಗಿನಿಂದಲೂ ರಕ್ತ. ಒಸಡಿನಿಂದಲೂ. ಡಿಂಪ್ನಾ ಪಕ್ಕದ ಮನೆಗೆ ಓಡಿದಳು.

ಸಬೀನತ್ತೆ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಇನ್ನೊಂದು ಬರೀರಿ ಅತ್ತೆ!”

“ಒಬ್ರಿಗೆ ಒಂದೇ ಸಲ ಬರೆಯೋದು. ಈಗ ಬಾಯಲ್ಲೇ ಹೇಳ್ಬೇಕು.”

“ಹೇಳಿ ಮತ್ತೆ!”

ಮುದುಕಿಯ ಕಣ್ಣು ಡಿಂಪ್ನಾಳ ಹೊಟ್ಟೆಯ ಮೇಲೆ ನಿಂತಿತು. “ಕೋಲ್ಮನ್‌ನ ರಕ್ತವೇ ನಿಲ್ಲು ಅಂತ ಹೇಳೋದು, ಮಗಳೇ. ಚೀಟಿಗಾದ್ರೆ ಅವನೊಬ್ಬನ ಕೊರಳು ಗೊತ್ತಿತ್ತು. ಬಾಯಿಮಾತಿಗೆ ಗೊತ್ತಾಗಲ್ಲ. ಅವನ ರಕ್ತ ನಿನ್ನ ಹೊಟ್ಟೇಲೂ ಹರೀತಿದೆ.”

ಡಿಂಪ್ನಾ ಗಂಡನ ಮಣಿಕಟ್ಟು ಹಿಡಿದಳು. ನಾಡಿ ಎಳೆ ದಾರವಾಗಿತ್ತು. ಸಿಕ್ಕಿತು. ತಪ್ಪಿತು. ಮತ್ತೆ ಸಿಗಲಿಲ್ಲ.

“ಹೇಳಿ,” ಎಂದಳು.

ಸಬೀನತ್ತೆ ಪಿಸುಗುಟ್ಟಿದಳು. ರಕ್ತ ನಿಂತಿತು. ನಲ್ಲಿ ತಿರುಗಿಸಿದ ಹಾಗೆ, ಒಮ್ಮೆಲೇ.

ಕೋಲ್ಮನ್ ಉಸಿರೆಳೆದುಕೊಂಡ. ಕಣ್ಣು ತೆರೆದ. ನೀರು ಕೇಳಿ ಕುಡಿದ. ಗೋಡೆಗೊರಗಿ ಕೂತಿದ್ದ ಹೆಂಡತಿ ಎರಡೂ ಅಂಗೈಗಳಿಂದ ಹೊಟ್ಟೆ ಒತ್ತುತ್ತಿದ್ದಳು. ಕಾಯುತ್ತಿದ್ದಳು. ಮತ್ತೆ ಒತ್ತುತ್ತಿದ್ದಳು.

“ಅಳ್ತೀಯಾಕೆ? ಉಳ್ಕೊಂಡ್ನಲ್ಲ,” ಎಂದು ಅವನು ತನ್ನ ತಣ್ಣನೆಯ ಕೈಯನ್ನು ಅವಳ ಕೈಗಳ ಮೇಲಿಟ್ಟ. “ಮಲ್ಗಿದ್ಯಾ ಮಗು?”

ಸಬೀನತ್ತೆ ಮೆಲ್ಲನೆ ಎದ್ದು, ಸಾವಿನ ಮನೆಯಲ್ಲಿ ಮಾಡುವಂತೆ, ಗೋಡೆಯ ಗಡಿಯಾರವನ್ನು ನಿಲ್ಲಿಸಿದಳು.