ಭೂತಗನ್ನಡಿ ತಂದವನು

ಒಂದೇ ಕಾಗದವನ್ನು ಒಬ್ಬ ಮನುಷ್ಯ ಎಷ್ಟು ಸಲ ನೋಡಬೇಕು? ಮಾವಿನ ಹಣ್ಣಿನ ಕಾಲದಲ್ಲಿ ನೋಡಲು ಶುರುಮಾಡಿದ ರಮಾನಾಥ, ಗಣಪತಿ ಹಬ್ಬ ಮುಗಿದರೂ ನೋಡುತ್ತಲೇ ಇದ್ದ.

ಪ್ರತಿ ಆದಿತ್ಯವಾರ ಬೊರಿವಲಿಯಿಂದ ಲೋಕಲ್ ಹಿಡಿದು, ಗಾಡಿ ಬದಲಿಸಿ, ಚೆಂಬೂರಿನ ಚಂಪಾಳ ಮನೆಗೆ ಬರುವನು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಭೂತಗನ್ನಡಿ. ಅದನ್ನು ಕಂಡರೆ ಚಂಪಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಾಗದ ಅವಳ ಅಪ್ಪ ಗದಿಗೆಪ್ಪನದು. ಫೋರ್ಟಿನ ಅಮೆರಿಕನ್ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ, ತನ್ನ ದೇಶಕ್ಕೆ ಹೊರಟ ಸಾಹೇಬ ಕೊಟ್ಟುಹೋದದ್ದು. ಅಮೆರಿಕದ ಹಳೆಯ ಅಧ್ಯಕ್ಷ ಜೆಫರ್ಸನ್ ಕೈಯಾರೆ ಬರೆದದ್ದೆಂದು ಚಂಪಾ ನಂಬಿದ್ದಳು. ಅಪ್ಪ ತೀರಿಕೊಂಡ ಮೇಲೆ ಅದು ಗಾಜಿನ ಚೌಕಟ್ಟಿನಲ್ಲಿ ದೇವರ ಪಟಗಳ ಪಕ್ಕ ಕೂತಿತ್ತು. ರಮಾನಾಥನೋ ವಿಮಾ ಕಚೇರಿಯ ಕ್ಲಾರ್ಕು. ಆ ಕಾಲದ ಅಮೆರಿಕದ ಮುಂದಾಳುಗಳ ಕೈಬರಹದ ಪತ್ರ ಕೂಡಿಡುವುದು ಅವನ ಹುಚ್ಚು. ಕನ್ನಡ ಸಂಘದ ಚಹಾದ ಹೊತ್ತಿನಲ್ಲಿ ಅಪ್ಪನ ಕಾಗದದ ವಿಷಯ ಅವಳೇ ಅವನೆದುರು ಬಾಯಿಬಿಟ್ಟಿದ್ದಳು.

"ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ, ಹುಷಾರವಾ," ಎಂದಿದ್ದಳು ಅವ್ವ ರಾಚವ್ವ.

ಅಸಲು ಒಯ್ದು ನಕಲು ಇಟ್ಟರೆ? ಅವನು ಹೊರಟೊಡನೆ ಚಂಪಾ ಚೌಕಟ್ಟನ್ನು ತಡವಿ ನೋಡುವಳು. ಆಮೇಲೆ ಬಾಲ್ಕನಿಗೆ ಹೋಗಿ, ತಿರುವಿನಲ್ಲಿ ಅವನು ಹಿಂದಿರುಗಿ ನೋಡಿದನೋ ಎಂದೂ ನೋಡುವಳು. ಅದಕ್ಕೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಮನಸ್ಸು ಕೊಟ್ಟದ್ದಂತೂ ಆಗಿತ್ತು. ಕಳ್ಳನಿಗೆ ಕೊಟ್ಟೆನೋ ಎಂಬುದೇ ಭಯ.

ಆ ಆದಿತ್ಯವಾರ ಅವನು ತನ್ನದೇ ಒಂದು ಪತ್ರ ತಂದಿದ್ದ.

"ನನ್ನಲ್ಲಿರುವ ಒಂದೇ ಅಸಲಿ ಇದು, ಉಳಿದದ್ದೆಲ್ಲ ನಕಲು. ಒಬ್ಬ ಸೆನೆಟರ್ ದರ್ಜಿಗೆ ಬೈದದ್ದು. ಕೋಟಿನ ತೋಳು ಗಿಡ್ಡ ಆಯ್ತಂತೆ."

ಕಿಟಕಿಯ ಬಳಿ ತಾನು ಕಲಿಸುವ ಶಾಲೆಯ ಮಕ್ಕಳ ನೋಟುಪಟ್ಟಿ ತಿದ್ದುತ್ತಿದ್ದ ಚಂಪಾ ನಗು ತಡೆದುಕೊಂಡು ಎದ್ದು ಬಂದಳು.

"ಇಲ್ಲಿ ನೋಡಿ. ಲೇಖನಿಯನ್ನು ಮಸಿಗೆ ಅದ್ದಿದಲ್ಲಿ ಅಕ್ಷರ ಕಪ್ಪು. ಬರೀತಾ ಹೋದ ಹಾಗೆ ತೆಳು. ಅದ್ದಿದರೆ ಮತ್ತೆ ಕಪ್ಪು."

ಭೂತಗನ್ನಡಿ ಕೈ ಬದಲಾಗುವಾಗ ಬೆರಳು ತಾಗಿತು. ಯಾರಿಗೂ ಅವಸರವಿರಲಿಲ್ಲ. ಅವಳು ಸೆನೆಟರನ ಸಿಟ್ಟನ್ನೆಲ್ಲ ನೋಡಿ, ಹಾಗೇ ಭೂತಗನ್ನಡಿಯನ್ನು ಅಪ್ಪನ ಕಾಗದದ ಮೇಲೆ ಹಿಡಿದಳು. ಮೊದಲಿಂದ ಕೊನೆಯವರೆಗೆ ಒಂದೇ ಬಣ್ಣ. ಎಲ್ಲೂ ಕಪ್ಪಿಲ್ಲ, ಎಲ್ಲೂ ತೆಳುವಿಲ್ಲ.

ಅವಳು ಭೂತಗನ್ನಡಿ ಕೆಳಗಿಟ್ಟಳು.

"ಇದು ಛಾಪಿಸಿದ್ದು. ನಮ್ಮಪ್ಪನ ಕಾಗದ ಎಲ್ಲೈತ್ರಿ?"

ರಮಾನಾಥ ಚೌಕಟ್ಟಿನತ್ತ ಕೈ ತೋರಿದ. "ಇದೇ ಅದು. ಯಾವಾಗಲೂ ಇದೇ. ನನಗೆ ಮೊದಲ ದಿವಸವೇ ಗೊತ್ತಾಗಿತ್ತು."

"ಹಂಗಾರ ಇಷ್ಟು ದಿನಾ ಏನ್ ನೋಡಾಕ ಬಂದ್ರಿ?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ಮತ್ತೆ ಬರ್ಲಿಕ್ಕೆ ಎಂತ ನೆಪ ಉಂಟು? ಚೌಕಟ್ಟನ್ನು ಸ್ವಲ್ಪ ಓರೆ ಹಿಡಿದ್ರೆ, ಕಿಟಕಿ ಹತ್ರ ಪಟ್ಟಿ ತಿದ್ದುವ ನೀವು ಗಾಜಿನಲ್ಲಿ ಕಾಣ್ತೀರಿ. ನಾನು ನೋಡಿದ್ದು ಅದನ್ನೇ."

ನಂಬಲು ಇಷ್ಟು ಆಸೆಯಾದ ಮಾತನ್ನು ಅವಳು ಕೇಳಿಯೇ ಇರಲಿಲ್ಲ. ಅದಕ್ಕೇ ಇನ್ನಷ್ಟು ಅನುಮಾನ.

"ನೀವ ಬದಲಿಸಿಲ್ಲ ಅಂತ ನಂಬೂದು ಹೆಂಗ್ರಿ?"

ಉತ್ತರ ಅಡುಗೆಮನೆಯಿಂದ ಚಹಾ ಹಿಡಿದು ಬಂತು.

"ಅಂವಾ ಯಾಕ ಬದಲಿಸ್ತಾನ?" ಎಂದಳು ರಾಚವ್ವ. "ಛಾಪಿಸಿದ್ದಂತ ಹೇಳೇ ಸಾಹೇಬ ನಿಮ್ಮಪ್ಪಗ ಕೊಟ್ಟಿದ್ದ. ನೀ ಶಾಲಿಯಾಗ ಹೆಮ್ಮಿಲೆ ಹೇಳ್ಕೋತಿದ್ದಿ, ಸುಮ್ಮನಿದ್ದೆ. ಈ ತಮ್ಮ ಯಾವಾಗ ಖರೇ ಹೇಳ್ತಾನಂತ ನೋಡಾಕ್ಹತ್ತಿದ್ದೆ." ಚಹಾದ ಕಪ್ಪನ್ನು ಅವನ ಮುಂದಿಟ್ಟಳು. "ಖೊಟ್ಟಿ ಕಾಗದಾ ಕದಿಯಾಕ ಬೊರಿವಲಿಯಿಂದ ಯಾರೂ ಬರಂಗಿಲ್ಲ. ಮುಂದಿನ ವಾರ ಹಿರ್‍ಯಾರ್‍ನ ಕರ್ಕೊಂಡು ಬಾಪಾ."

ರಮಾನಾಥನಿಗೆ ಚಹಾ ನೆತ್ತಿಗೇರಿತು.

ಆ ಸಂಜೆ ಅವನು ಮೆಟ್ಟಿಲಿಳಿದಾಗ ಚಂಪಾ ಚೌಕಟ್ಟನ್ನು ತಡವಲಿಲ್ಲ. ನೇರ ಬಾಲ್ಕನಿಗೆ ಓಡಿದಳು. ಅವನು ತಿರುವಿನವರೆಗೆ ಹೋಗಿಯೇ ಇರಲಿಲ್ಲ. ಕೆಳಗೇ ನಿಂತು ತಲೆಯೆತ್ತಿ ನೋಡುತ್ತಿದ್ದ.